ಗೇಟಿಗೆ ಬೀಗ ಹಾಕಿದ ಸಕ್ರವ್ವ

ನಲವತ್ತು ಜನರನ್ನು ಬೀಗ ಹಾಕಿ ಕೂಡಿಸಿದ ಹೆಂಗಸು ಎಂದು ನಾಸಿಕ್ ಹತ್ತಿರದ ಓಝರಿನ ಕನ್ನಡದ ಮಂದಿ ಸಕ್ರವ್ವನನ್ನು ಇಂದಿಗೂ ಬೈಯುತ್ತಾರೆ. ಬೈಯಲಿ. ಯಾಕೆ ಹಾಕಿದಳು ಎಂಬುದನ್ನು ಮಾತ್ರ ಒಬ್ಬರೂ ಹೇಳುವುದಿಲ್ಲ. ಆ ನಲವತ್ತು ಜನರಲ್ಲಿ ನಾನೂ ಇದ್ದೆ. ನಾನು ಹೇಳುತ್ತೇನೆ.

ಸಕ್ರವ್ವ ಆಳಂದ ತಾಲೂಕಿನವಳು. ಗಂಡ ಗೊಲ್ಲಾಳಪ್ಪ ಗೌಂಡಿ. ಸಿನ್ನರಿನ ಕಾರ್ಖಾನೆಗಳಿಗೆ ಗೋಡೆ ಕಟ್ಟಲು ಬಂದ ಅವನ ಜೊತೆ ಅವಳೂ ಹದಿನೈದು ವರ್ಷ ಇಟ್ಟಿಗೆ ಹೊತ್ತಳು. ಬೆನ್ನು ಸೋತ ಮೇಲೆ ನಾಸಿಕ್-ಸಿನ್ನರ್ ರಸ್ತೆಯ ಬದಿಯಲ್ಲಿ ಟ್ರಸ್ಟೊಂದು ನಡೆಸುತ್ತಿದ್ದ ಸಣ್ಣ ಪ್ರಾಣಿಧಾಮಕ್ಕೆ ಕೆಲಸಕ್ಕೆ ಸೇರಿದಳು. ಅಲ್ಲಿ ಹುಲಿ ಸಿಂಹ ಇರಲಿಲ್ಲ. ಯಾರಿಗೂ ಬೇಡವಾದ ಜೀವಗಳಿದ್ದವು: ಕುಣಿಸುವವನ ಕೈಯಿಂದ ಬಿಡಿಸಿ ತಂದ ಕೋತಿ, ರೆಕ್ಕೆ ಮುರಿದ ಗೂಬೆ, ಎಮು ಸಾಕುವ ಹುಚ್ಚು ಇಳಿದಾಗ ಯಾರೋ ರಸ್ತೆಗೆ ಬಿಟ್ಟುಹೋದ ಎರಡು ಎಮು ಹಕ್ಕಿ, ಕಳ್ಳರ ಸೂಟ್‌ಕೇಸಿನಲ್ಲಿ ಬಟ್ಟೆಯ ನಡುವೆ ಸಿಕ್ಕ ಒಂದು ನಕ್ಷತ್ರ ಆಮೆ.

ಬಂದವರು ಇವನ್ನು ಹತ್ತಿರದಿಂದ ನೋಡಬಹುದಿತ್ತು, ಕೆಲವನ್ನು ಮುಟ್ಟಲೂಬಹುದಿತ್ತು. ಅದಕ್ಕೆ ಸಕ್ರವ್ವನದೇ ಒಂದು ಪದ್ಧತಿ. ಎಲ್ಲರ ಕೈ ತೊಳೆಸಿ, ನೆಲದ ಮೇಲೆ ದುಂಡಗೆ ಕೂಡಿಸಿ, ಅಂಗೈಯಲ್ಲಿ ಒಂದೊಂದು ಎಲೆ ಇಡುತ್ತಿದ್ದಳು. “ನೀವು ಅದರ ಹತ್ರ ಹೋಗಬ್ಯಾಡ್ರಿ. ಅದೇ ಬರ್ತದ. ಬರಲಿಲ್ಲಂದ್ರ ಅದರ ಮರ್ಜಿ,” ಎನ್ನುತ್ತಿದ್ದಳು. ಆಮೆ ಕಾಲು ಗಂಟೆ ತೆಗೆದುಕೊಂಡು ಯಾವುದೋ ಮಗುವಿನ ಅಂಗೈ ತಲುಪಿದರೆ ಆ ಮಗುವಿಗಿಂತ ಹೆಚ್ಚು ಇವಳೇ ಹಿಗ್ಗುತ್ತಿದ್ದಳು.

2013ರ ಒಂದು ಶ್ರಾವಣ ಸೋಮವಾರ. ಓಝರಿನ ನಮ್ಮ ಕನ್ನಡ ಸಂಘದ ಬಸ್ಸು ತ್ರ್ಯಂಬಕದಲ್ಲಿ ದರ್ಶನ ಮುಗಿಸಿ ಅಲ್ಲಿಗೆ ಹೋಯಿತು. ಸಂಘದ ಅಧ್ಯಕ್ಷರು ವಿಶ್ವನಾಥಪ್ಪ, ವಿಮಾನ ಕಾರ್ಖಾನೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಜೊತೆಗೆ ಹೆಂಡತಿ ರುಕ್ಮಿಣಿಬಾಯಿ, ಮೊಮ್ಮಗಳು ಮಾಲವಿಕಾ. ಪ್ರಾಣಿಧಾಮಕ್ಕೆ ಒಂದು ತಗಡಿನ ಶೆಡ್ ಹಾಕಿಸಿ ಕೊಡುವ ಮಾತನ್ನೂ ಅಧ್ಯಕ್ಷರು ಆಡಿದ್ದರು. ನಮ್ಮ ಮಾತು ಕಿವಿಗೆ ಬಿದ್ದದ್ದೇ ಸಕ್ರವ್ವನ ಮುಖ ಅರಳಿತು. “ನಮ್ಮ ಕಡೀ ಮಂದಿ ಬಂದಾರ! ಕುಂದರ್ರಿ, ಕುಂದರ್ರಿ!”

ಕುಳಿತೆವು. ಆಮೆ ಹೊರಟಿತು. ಅಷ್ಟರಲ್ಲಿ ಯಾರೋ ಕೋತಿಯ ಬೋನಿಗೆ ಬಿಸ್ಕತ್ತಿನ ಪೊಟ್ಟಣವನ್ನು ಪ್ಲಾಸ್ಟಿಕ್ ಸಮೇತ ಎಸೆದರು. ಅದನ್ನು ಕಸಿಯಲು ಸಕ್ರವ್ವ ಓಡಿದಳು.

ಈ ಸೀಮೆಯ ಶಿವನ ಗುಡಿಗಳಲ್ಲಿ ನಂದಿಯ ಮುಂದೆ ನೆಲದಲ್ಲಿ ಕಲ್ಲಿನ ಆಮೆ ಇರುತ್ತದೆ. ಮೊದಲು ಅದಕ್ಕೆ ಕುಂಕುಮ ಹಚ್ಚಿ, ನೀರು ಹನಿಸಿ, ಆಮೇಲೆ ಒಳಗೆ ಹೋಗುವುದು ರೂಢಿ. ಅಂದು ಬೆಳಿಗ್ಗೆ ತಾನೆ ಕಲ್ಲಿನದಕ್ಕೆ ಕೈಮುಗಿದು ಬಂದಿದ್ದ ರುಕ್ಮಿಣಿಬಾಯಿಯವರಿಗೆ ಇಲ್ಲಿ ಜೀವಂತವೇ ಸಿಕ್ಕಿಬಿಟ್ಟಿತು. ಚೀಲದಿಂದ ಕುಂಕುಮ ಬಂತು, ಉಳಿದ ಹಾಲು ಬಂತು, ತೀರ್ಥದ ಗಿಂಡಿ ಬಂತು. ನಾವು ತಡೆಯಲಿಲ್ಲ. ಕೈಮುಗಿದೆವು, ನಾನೂ ಮುಗಿದೆ.

“ಪಾಪ, ನೀರಾಗಿನ ಜೀವ. ಒಣ ನೆಲದಾಗ ಹಾಕಿ ಕೊಲ್ಲಾಕತ್ಯಾರ,” ಎಂದು ರುಕ್ಮಿಣಿಬಾಯಿ ಅದನ್ನು ಎತ್ತಿ ಎಮುಗಳು ನೀರು ಕುಡಿಯುವ ಸಿಮೆಂಟಿನ ತೊಟ್ಟಿಯಲ್ಲಿ ಬಿಟ್ಟರು. ಆಮೇಲೆ ಫೋಟೊಗಳ ಗದ್ದಲ. ತೊಟ್ಟಿಯ ಕಡೆ ನೋಡಿದವಳು ಮಾಲವಿಕಾ ಒಬ್ಬಳೇ. “ಆಜೀ, ತೇ ಹಲತ್ ನಾಹೀ!” ಎಂದು ಮರಾಠಿಯಲ್ಲಿ ಕೂಗಿದಳು. “ಅಲುಗಾಡ್ತಿಲ್ಲ!”

ಸಕ್ರವ್ವ ಓಡಿ ಬಂದು ಮೊಣಕೈವರೆಗೆ ಕೈ ಹಾಕಿ ತಳದಿಂದ ಎತ್ತಿದಳು. ಚಿಪ್ಪಿನಿಂದ ಕೆಂಪು ನೀರು ಇಳಿಯಿತು. ತಲೆ ಜೋತುಬಿದ್ದಿತ್ತು.

“ಇದು ಹೊಲದಾಗಿನ ಆಮೀರಿ! ಈಸಾಡಂಗಿಲ್ಲ! ನಾಕು ಕಾಲು ಹುಲ್ಲಿನ ಮ್ಯಾಲ ನಡ್ಯಾದು ಕಣ್ಣಿಗಿ ಕಾಣ್ಲಿಲ್ಲೇನು?”

“ನಾ ಪೂಜಿ ಮಾಡೀನಿ, ಪಾಪ ಮಾಡಿಲ್ಲ,” ಎಂದರು ರುಕ್ಮಿಣಿಬಾಯಿ.

ಸಕ್ರವ್ವ ಆಮೆಯ ತಲೆ ಕೆಳಗೆ ಮಾಡಿ, ಕತ್ತನ್ನು ಮೆಲ್ಲಗೆ ಹೊರಗೆಳೆದು, ಮುಂಗಾಲುಗಳನ್ನು ಒಳಕ್ಕೂ ಹೊರಕ್ಕೂ ಆಡಿಸತೊಡಗಿದಳು. ಮೂಗಿನಿಂದ ನೀರು ಸೋರಿತು. ಉಸಿರಿಲ್ಲ.

ಟ್ರಸ್ಟಿನ ಕಾರ್ಯದರ್ಶಿ ಬಿಂದುಮಾಧವ ರಾಯರು ಆಫೀಸಿನಿಂದ ಬಂದರು. “ಸಾಹೇಬ್ರ, ಡಾಕ್ಟರಿಗಿ ಫೋನ್ ಹಚ್ರಿ,” ಎಂದಳು. ರಾಯರು ಮೊದಲು ವಿಶ್ವನಾಥಪ್ಪನವರ ಕಡೆ ತಿರುಗಿ ಕೈಜೋಡಿಸಿದರು. “ತಪ್ಪು ತಿಳ್ಕೋಬ್ಯಾಡ್ರಿ. ಓದಿಲ್ಲದ ಹೆಣ್ಣುಮಗಳು, ಬಾಯಿ ಜೋರು. ಚಹಾ ತರಸ್ತೀನಿ.”

ಚಹಾ! ಒಂದು ಜೀವ ಕೈಯಲ್ಲಿ ಹೋಗುತ್ತಿದೆ, ಇವರಿಗೆ ಚಹಾ.

“ಇರ್ಲಿ ಬಿಡ್ರಿ ರಾಯರ. ಒಂದು ಆಮಿ ತಾನೆ? ನಡೀರಿ, ಬಸ್ಸು ಹತ್ತೋಣು,” ಎಂದರು ವಿಶ್ವನಾಥಪ್ಪ.

ಸಕ್ರವ್ವ ಎದ್ದಳು. ಆಮೆಯನ್ನು ಎದೆಗೊತ್ತಿಕೊಂಡೇ ಗೇಟಿನ ತನಕ ನಡೆದು, ಬೀಗ ಒತ್ತಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಲ್ಲೇ ಅಡ್ಡ ಕುಳಿತಳು. ಕೈ ಮತ್ತೆ ಆಮೆಯ ಕಾಲು ಆಡಿಸತೊಡಗಿತು.

“ಏ, ಗೇಟ್ ತಗಿ! ಡ್ರೈವರ್ ಹಾರ್ನ್ ಹೊಡೀಲಿಕ್ಕತ್ತಾನ!” ಎಂದರು ವಿಶ್ವನಾಥಪ್ಪ.

“ಹೊಡೀಲಿರಿ. ಇದು ಉಸಿರಾಡೂತನ ಯಾರೂ ಹೋಗಂಗಿಲ್ಲ. ಸತ್ತರ ಸತ್ತದ್ದು ನೋಡಿ ಹೋಗ್ರಿ.”

“ನಮ್ಮನ್ನೇನು ಪಂಜರದಾಗ ಹಾಕ್ದೇನು?”

“ಹಾಕ್ದೆರಿ. ಆದ್ರ ನಿಮಗ ಯಾರೂ ಬಂದು ಕುಂಕುಮ ಹಚ್ಚಿ ನೀರಾಗ ಮುಳುಗ್ಸಂಗಿಲ್ಲ. ಅಷ್ಟು ಪುಣ್ಯ ಮಾಡೀರಿ.”

ಯಾರೋ ನಕ್ಕು, ತಕ್ಷಣ ಬಾಯಿ ಮುಚ್ಚಿಕೊಂಡರು. ರಾಯರು ಗದರಿದರು, ಬೇಡಿದರು. ಕೊನೆಗೆ ಬೇರೆ ದಾರಿ ಕಾಣದೆ ಡಾಕ್ಟರಿಗೆ ಫೋನ್ ಮಾಡಿ ಅವಳ ಕಿವಿಗೆ ಹಿಡಿದರು. ಮಳೆ ಜಿನುಗಿತು. ನಲವತ್ತು ಜನ ಎಮುಗಳ ಚಪ್ಪರದ ಕೆಳಗೆ ನಿಂತೆವು. ಎಮುಗಳು ಕತ್ತು ನೀಡಿ ನಮ್ಮನ್ನು ನೋಡಿದವು. ಮಾಲವಿಕಾ ಮಾತ್ರ ಮಳೆಯಲ್ಲೇ ಹೋಗಿ ಸಕ್ರವ್ವನ ಪಕ್ಕ ಕುಳಿತಳು.

ಮುಕ್ಕಾಲು ಗಂಟೆಯ ಮೇಲೆ ಆಮೆಯ ಮೂಗಿನ ತುದಿಯಲ್ಲಿ ಒಂದು ಗುಳ್ಳೆ ಎದ್ದು ಒಡೆಯಿತು. ಇನ್ನೊಂದು. ಹಿಂಗಾಲು ಗಾಳಿಯನ್ನು ಒದೆಯಿತು.

ಸಕ್ರವ್ವ ಬೀಗ ತೆಗೆದಳು. ನಾವು ಒಬ್ಬೊಬ್ಬರೇ ಅವಳನ್ನು ದಾಟಿ ಬಸ್ಸಿಗೆ ಹೋದೆವು. ತಪ್ಪಾಯಿತು ಎಂದವರಿಲ್ಲ. ನಾನೂ ಅನ್ನಲಿಲ್ಲ. ರುಕ್ಮಿಣಿಬಾಯಿ ಮಾತ್ರ ನಿಂತು, ದೇವರ ದಯೆ ಎನ್ನುತ್ತ ಚಿಪ್ಪಿಗೆ ನಮಸ್ಕರಿಸಲು ಕೈ ಚಾಚಿದರು. ಸಕ್ರವ್ವ ಆ ಕೈ ಹಿಡಿದು ಪಕ್ಕಕ್ಕೆ ಸರಿಸಿದಳು. “ದೂರಿಂದ ಮಾಡ್ರಿ, ಅಕ್ಕಾರ.”

“ನಾಳಿಂದ ಕೆಲಸಕ್ಕ ಬರಬ್ಯಾಡ,” ಎಂದರು ರಾಯರು, ನಮಗೆಲ್ಲ ಕೇಳುವಂತೆ.

“ಇದರ ಎದಿಯೊಳಗ ನೀರು ಹೊಕ್ಕದ. ಹತ್ತು ದಿನ ಸೂಜಿ ಹಾಕ್ಬೇಕು ಅಂತ ಡಾಕ್ಟರು ಫೋನ್‌ನಾಗ ಹೇಳ್ಯಾರ. ನೀವು ಹಿಡೀತೀರೇನು, ಸಾಹೇಬ್ರ?”

ರಾಯರು ಆಮೆಯ ಕಡೆ ನೋಡಿದರು, ತಮ್ಮ ಇಸ್ತ್ರಿ ಮಾಡಿದ ಅಂಗಿಯ ಕಡೆ ನೋಡಿದರು, ಆಫೀಸಿನ ಕಡೆ ನಡೆದರು. ಮರುದಿನ ಬೆಳಿಗ್ಗೆ ಏಳಕ್ಕೆ ಸಕ್ರವ್ವ ಎಂದಿನಂತೆ ಕೆಲಸಕ್ಕೆ ಬಂದಳು.