ಅಳೋಳ ಪ್ಲೇಟು

ಗ್ರಾಮಫೋನಿನ ಪ್ಲೇಟು ಆಲೂರಿನ ಬಸ್‌ಸ್ಟ್ಯಾಂಡಿನಲ್ಲೇ ಒಡೆಯಬಹುದಿತ್ತು. ಬಸ್ಸಿನಲ್ಲಿ ಯಾರಾದರೂ ಅದರ ಮೇಲೆ ಕೂತುಬಿಡಬಹುದಿತ್ತು. ನಮ್ಮ ಕಡೆ ಸೀಟಿಗೆ ಹಾಕಿದ ಟವೆಲ್ಲಿನ ಮೇಲೆ ಕೂರುವವರು, ಪ್ಲೇಟಿನ ಮೇಲೆ ಕೂರುವುದಿಲ್ಲವೆ? ಸಕಲೇಶಪುರದಲ್ಲಿ ಇಳಿದು ಹಾನುಬಾಳಿನ ಜೀಪು ಹತ್ತುವಾಗ ಡ್ರೈವರು ಚೀಲವನ್ನು ಕಿತ್ತು ಮೇಲಿನ ಕ್ಯಾರಿಯರಿಗೆ ಎಸೆಯಬಹುದಿತ್ತು. ಮಳೆ ಬರಬಹುದಿತ್ತು. ಮಳೆ ಬರದಿದ್ದರೆ ಬಿಸಿಲು ಬರಬಹುದಿತ್ತು, ಅರಗಿನ ಪ್ಲೇಟಿಗೆ ಅದು ಇನ್ನೂ ಅಪಾಯ. ದೊಡ್ಡಪ್ಪನ ಮಗ ಲೋಕಣ್ಣ ಗೇಟು ತೆಗೆಯದೆ ಇರಬಹುದಿತ್ತು, ತೆಗೆದು ನಾಯಿ ಬಿಡಬಹುದಿತ್ತು. ಗ್ರಾಮಫೋನಿನ ಸ್ಪ್ರಿಂಗು ತುಂಡಾಗಿರಬಹುದಿತ್ತು, ಮುಳ್ಳು ಸಿಗದಿರಬಹುದಿತ್ತು, ಕಹಳೆಯೊಳಗೆ ಕಣಜ ಗೂಡು ಕಟ್ಟಿರಬಹುದಿತ್ತು. ಇದಾವುದೂ ಆಗದೆ ನನಗೇ ಅಲ್ಲಿ ಎದೆನೋವು ಬಂದು, ದಾಯಾದಿಗಳ ಜಗುಲಿಯ ಮೇಲೆ ಪ್ರಾಣ ಹೋಗಿ, ನನ್ನ ಹೆಂಡತಿಗೆ ಫೋನು ಮಾಡುವುದೋ ಬೇಡವೋ ಎಂದು ಅವರು ನಿಧಾನವಾಗಿ ಯೋಚಿಸಬಹುದಿತ್ತು. ಅದಕ್ಕೆಂದೇ ಜೇಬಿನಲ್ಲಿ ಮಾತ್ರೆ ಇಟ್ಟುಕೊಂಡಿದ್ದೆ. ನಾನು ಆಲೂರಿನಲ್ಲಿ ಔಷಧಿ ಅಂಗಡಿ ಇಟ್ಟವನು. ಅಂಗಡಿಯಲ್ಲಿ ಸಿಗುವ ಮಾತ್ರೆಗಳಲ್ಲಿ, ನನಗೆ ಬಂದಿರಬಹುದು ಎಂದು ನಾನು ಹೆದರದ ರೋಗದ್ದು ಒಂದೂ ಇಲ್ಲ.

ಈ ಎಲ್ಲ ಹೆದರಿಕೆಗೆ ಮೂಲ ಒಂದು ವಾಸನೆ. ಕುಂದೂರಿನಲ್ಲಿ ಅಪ್ಪ ಕಟ್ಟಿದ ಮನೆಗೆ ಹೋದ ತಿಂಗಳು ಹೆಂಚು ಇಳಿಸಿ ಶೀಟು ಹಾಕಿಸುವಾಗ ಒಲೆಯ ಮೇಲಿನ ಅಟ್ಟವನ್ನು ಖಾಲಿ ಮಾಡಬೇಕಾಯಿತು. ಅಲ್ಲಿಂದ ಕೆಲಸದವರು ರಾಗಿ ಮೂಟೆಯ ಅಡಿಯಿಂದ ತೆಗೆದು ಇಳಿಸಿಕೊಟ್ಟ ಹಳೆಯ ಪಂಚೆಯ ಗಂಟನ್ನು ಬಿಚ್ಚಿದೆ. ಅರಗು, ಒಲೆಯ ಹೊಗೆ, ಕರ್ಪೂರ, ಸ್ವಲ್ಪ ಇಲಿ ಎಲ್ಲ ಸೇರಿದ ಒಂದು ವಾಸನೆ ಮುಖಕ್ಕೆ ಬಡಿಯಿತು. ನಿಮ್ಮ ಮನೆಯಲ್ಲೂ ಅಂಥದೊಂದು ವಾಸನೆ ಇದ್ದೀತು. ಮೂಗಿಗೆ ಬಿದ್ದ ಕೂಡಲೇ ನಿಮ್ಮನ್ನು ಚಡ್ಡಿ ಹಾಕಿಸಿ ನೆಲದ ಮೇಲೆ ಕೂರಿಸಿಬಿಡುವಂಥದು. ನಾನು ಕೂತದ್ದು ಹಾನುಬಾಳಿನ ಆಚೆಯ ನಮ್ಮ ಕೂಡುಮನೆಯ ಪಡಸಾಲೆಯಲ್ಲಿ, ತಾತನ ಗ್ರಾಮಫೋನಿನ ಎದುರು.

ತಾತ ಒಬ್ಬ ಇಂಗ್ಲಿಷ್ ದೊರೆಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ದೊಡ್ಡ ಯುದ್ಧ ಮುಗಿದು, ಸ್ವಾತಂತ್ರ್ಯ ಬಂದು, ದೊರೆ ಗಂಟುಮೂಟೆ ಕಟ್ಟುವಾಗ ಕುದುರೆಯನ್ನು ಮಾರಿದ, ನಾಯಿಗೆ ಗುಂಡು ಹೊಡೆದ, ಗ್ರಾಮಫೋನನ್ನು ತಾತನಿಗೆ ಕೊಟ್ಟ. ತಾತ ಈ ಮೂರನ್ನೂ ಒಂದೇ ಉಸಿರಿಗೆ ಹೇಳುತ್ತಿದ್ದರು. ಪೆಟ್ಟಿಗೆಯ ಜೊತೆ ಬಂದ ಪ್ಲೇಟುಗಳೆಲ್ಲ ಯುದ್ಧಕಾಲದವು, ದೊರೆ ತನ್ನ ದೇಶದ ನೆನಪಿಗೆ ತರಿಸಿಕೊಂಡಿದ್ದವು. ಯಾರ ಯುದ್ಧ, ಯಾರು ಹಾಡಿದ್ದು, ಏನು ಹಾಡಿದ್ದು ಒಂದೂ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೆಸರುಗಳನ್ನು ಮಾತ್ರ ನಾವೇ ಇಟ್ಟುಕೊಂಡಿದ್ದೆವು. ದಂಡು ನಡೆಯುವ ಸದ್ದಿನದು ಬೂಟಿನ ಪ್ಲೇಟು. ಸಿಪಾಯಿಗಳು ಸಿಳ್ಳೆ ಹಾಕುವುದು ಸಿಳ್ಳೆ ಪ್ಲೇಟು. ಒಬ್ಬಳೇ ಹೆಂಗಸು ಹಾಡುವುದು ಅಳೋಳ ಪ್ಲೇಟು. ಕಣದಲ್ಲಿ ಒಣಗುವ ಕಾಫಿಯನ್ನು ಸಂಜೆ ರಾಶಿ ಮಾಡಿ ಟಾರ್ಪಾಲು ಮುಚ್ಚಿ, ಕೈಕಾಲು ತೊಳೆದು ಬಂದಮೇಲೆಯೇ ತಾತ ಪೆಟ್ಟಿಗೆಗೆ ಕೀ ಕೊಡುತ್ತಿದ್ದದ್ದು. ಬೂಟಿನ ಪ್ಲೇಟಿಗೆ ದೊಡ್ಡಪ್ಪ ಕಾಫಿ ಹರಡುವ ಹಲಗೆಯನ್ನು ಬಂದೂಕಿನಂತೆ ಹೆಗಲಿಗಿಟ್ಟು ಕಣದ ತುಂಬ ಕವಾಯತು ಮಾಡುತ್ತಿದ್ದರು, ಹಿಂದೆ ಲೋಕಣ್ಣ, ಅವನ ಹಿಂದೆ ನಾನು, ನನ್ನ ಹಿಂದೆ ಕೂಲಿಯವರ ಲೈನಿನ ಮನೆಗಳ ಮಕ್ಕಳು. ಅಳೋಳ ಪ್ಲೇಟಿಗೆ ಮಾತ್ರ ಯಾರೂ ಅಲುಗುತ್ತಿರಲಿಲ್ಲ. ಅವಳ ದನಿ ಮೇಲೆ ಹೋಗಿ, ಸುತ್ತಿಗೊಮ್ಮೆ ಜಾರಿ, ಬಿಕ್ಕಿ, ಮತ್ತೆ ಎದ್ದು ನಿಲ್ಲುತ್ತಿತ್ತು. ಗಂಡ ಯುದ್ಧಕ್ಕೆ ಹೋದವನು ಸತ್ತಿರಬೇಕು ಎಂದು ಅಮ್ಮ ಹೇಳುತ್ತಿದ್ದಳು. ದೊಡ್ಡಮ್ಮ ಬಾಗಿಲ ಮರೆಯಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಯಾರ ಮೇಲೂ ಕನಿಕರವಿಲ್ಲದ ಹೆಂಗಸು ಎಂದು ಹೆಸರಾಗಿದ್ದ ದೊಡ್ಡಮ್ಮ ಅತ್ತದ್ದನ್ನು ನಾನು ಕಂಡಿರುವುದು ಆ ಒಂದು ಹಾಡಿಗೆ.

ಆ ಬಿಕ್ಕಳಿಕೆ ಹಾಡಿದವಳದಲ್ಲ ಎಂದು ಆಮೇಲೆ ತಿಳಿಯಿತು. ನಮ್ಮ ಕಡೆ ಮಳೆಗಾಲ ಮುಗಿದ ಮೊದಲ ಬಿಸಿಲಿಗೆ ಮನೆಯ ಸಾಮಾನೆಲ್ಲ ಕಣಕ್ಕೆ ಬರುತ್ತದೆ. ಹಾಸಿಗೆ, ಕಂಬಳಿ, ರೇಷ್ಮೆ ಸೀರೆ, ಪಂಚಾಂಗ, ಬೂಷ್ಟು ಹಿಡಿದದ್ದು ಯಾವುದೇ ಇರಲಿ, ಬಿಸಿಲಿಗೆ ಹಾಕು. ದೊಡ್ಡಪ್ಪನ ಮದುವೆಗೆ ಮನೆ ತೊಳೆಯುತ್ತಿದ್ದ ವರ್ಷ, ಪ್ಲೇಟುಗಳ ಮೇಲೆ ಬೆಳ್ಳಗೆ ಬೂಷ್ಟು ಬಂದಿದ್ದನ್ನು ನೋಡಿ ದೊಡ್ಡಪ್ಪ ಅವನ್ನೂ ತಂದು, ಕಣದ ಸಿಮೆಂಟಿನ ಮೇಲೆ, ಮೆಣಸಿನ ಪಕ್ಕ ಸಾಲಾಗಿ ಹರಡಿದರು. ಮಧ್ಯಾಹ್ನದ ಹೊತ್ತಿಗೆ ಅರ್ಧದಷ್ಟು ಪ್ಲೇಟು ಹಪ್ಪಳ. ಬೂಟು, ಸಿಳ್ಳೆ ಹೇಗೋ ಉಳಿದವು. ಈ ಹೆಂಗಸಿನ ಪ್ಲೇಟು ಸ್ವಲ್ಪವೇ ಸೊಟ್ಟಗಾಯಿತು. ಆ ರಾತ್ರಿ ಅದನ್ನು ಹಾಕಿದಾಗ, ಅದುವರೆಗೆ ನೆಟ್ಟಗೆ ಹಾಡುತ್ತಿದ್ದವಳು ಬಿಕ್ಕತೊಡಗಿದಳಂತೆ. ತಾತ ನಕ್ಕು, “ಪಾಪ, ಬಿಸ್ಲಲ್ ಕೂರ್ಸಿದ್ಕೆ ಅಳ್ತವ್ಳೆ” ಎಂದರಂತೆ. ಅಪ್ಪ ನಗಲಿಲ್ಲ. ಅಣ್ಣನ ಮೇಲೆ ಅವನಿಗೆ ಇದ್ದ ಸಿಟ್ಟಿಗೆಲ್ಲ ಅಂದಿನಿಂದ ಒಂದು ಸಾಕ್ಷಿ ಸಿಕ್ಕಿತು. ಮುಂದೆ ಗದ್ದೆಯ ಬದುವಿಗೆ ಜಗಳವಾಗಲಿ, ನೀರಿಗೆ ಜಗಳವಾಗಲಿ, ಕೊನೆಗೆ ಬಂದು ನಿಲ್ಲುತ್ತಿದ್ದದ್ದು “ಪ್ಲೇಟ್ ಸುಟ್ಟೋನು ನೀನು” ಎನ್ನುವಲ್ಲಿಗೇ. ಮದುವೆಯಾಗಿ ಬಂದ ದೊಡ್ಡಮ್ಮನಾಗಲಿ, ಆಮೇಲೆ ಹುಟ್ಟಿದ ನಾವಾಗಲಿ ಅವಳು ನೆಟ್ಟಗೆ ಹಾಡಿದ್ದನ್ನು ಕೇಳಿದವರಲ್ಲ. ನಮಗೆ ಅವಳು ಅಳುವವಳೇ.

ತಾತ ಹೋದಮೇಲೆ ಮನೆ ಪಾಲಾಯಿತು. ಊರಿನ ಹಿರಿಯರು ಬಂದು ತೋಟ, ಗದ್ದೆ, ಎತ್ತು, ಹಂಡೆ ಎಲ್ಲ ಹಂಚಿ, ಕೊನೆಗೆ ಗ್ರಾಮಫೋನಿನ ಮುಂದೆ ಸುಸ್ತಾಗಿ ಕೂತರು. ಇಬ್ಬರಿಗೂ ಅದೇ ಬೇಕು. ಅವರಲ್ಲೊಬ್ಬ ಮುದುಕರಿಗೆ ತಾವೇ ಧರ್ಮರಾಯ ಎನಿಸಿಬಿಟ್ಟಿತು. “ದೊಡ್ಡೋನು ಪೆಟ್ಗೆ ತಗಳ್ಳಿ, ಚಿಕ್ಕೋನು ಪ್ಲೇಟ್ ತಗಳ್ಳಿ. ಹಾಡ್ ಕೇಳ್ಬೇಕು ಅಂದ್ರೆ ಒಬ್ರ ಮನೆಗೊಬ್ರು ಹೋಗ್ಲೇಬೇಕಲ್ಲ, ಹೋಗ್ತಾ ಬರ್ತಾ ಇರ್ತೀರಿ” ಎಂದರು. ನೆರೆದವರು ತಲೆದೂಗಿದರು. ಮುದುಕರಿಗೆ ನಮ್ಮ ಮನೆಯವರು ಗೊತ್ತಿರಲಿಲ್ಲ. ಅಪ್ಪ ಪ್ಲೇಟುಗಳನ್ನು ಹೊತ್ತು ಕುಂದೂರಿಗೆ ಬಂದು ಅಟ್ಟಕ್ಕೇರಿಸಿದ. ದೊಡ್ಡಪ್ಪ ಪೆಟ್ಟಿಗೆಗೆ ದುಪ್ಪಟಿ ಹೊದಿಸಿದರು. ಒಬ್ಬರಿಗೆ ಕೇಳಲು ಸಿಗುವುದಿಲ್ಲವಲ್ಲ ಎನ್ನುವ ಸಂತೋಷದಲ್ಲಿ ಇನ್ನೊಬ್ಬರು ಕೇಳದೆ ಬದುಕಿದರು. ಇಬ್ಬರೂ ಆ ಸಂತೋಷದಲ್ಲೇ ಸತ್ತರು. ಒಬ್ಬರ ಹೆಣಕ್ಕೆ ಇನ್ನೊಬ್ಬರು ಹೋಗಲಿಲ್ಲ. ನಾನೂ ಹೋಗಲಿಲ್ಲ, ಲೋಕಣ್ಣನೂ ಬರಲಿಲ್ಲ. ದ್ವೇಷವನ್ನು ಮಾತ್ರ ನಾವು ಪಾಲು ಮಾಡಿಕೊಳ್ಳದೆ ಒಟ್ಟಿಗೇ ಇಟ್ಟುಕೊಂಡಿದ್ದೆವು.

ಗಂಟು ಬಿಚ್ಚಿದ ರಾತ್ರಿ ಪ್ಲೇಟಿನ ನಡುವಿನ ಕಾಗದದಲ್ಲಿ ಹುಳ ತಿಂದು ಉಳಿದಿದ್ದ ಎರಡು ಇಂಗ್ಲಿಷ್ ಪದಗಳನ್ನು ಫೋನಿನಲ್ಲಿ ಬರೆದು ಹುಡುಕಿದೆ. ಎಲ್ಲೋ ಯಾರೋ ಪುಣ್ಯಾತ್ಮರು ಯುದ್ಧಕಾಲದ ಹಾಡುಗಳನ್ನೆಲ್ಲ ತೊಳೆದು ಬಳಿದು ಹಾಕಿದ್ದರು, ಅದರಲ್ಲಿ ಇವಳೂ ಇದ್ದಳು. ಅದೇ ದನಿ, ಅದೇ ಪಿಟೀಲು. ಆದರೆ ಅವಳು ಅಳುತ್ತಿರಲಿಲ್ಲ. ಯುದ್ಧ ಮುಗಿದ ದಿನ ಪೇಟೆಗೆ ಹೋಗಿ ಒಂದು ಟೋಪಿ ಕೊಳ್ಳುತ್ತೇನೆ, ಕೆಂಪು ಟೋಪಿ, ಎಂದು ಕುಣಿಯುತ್ತ ಹಾಡುತ್ತಿದ್ದಳು. ನಾವು ಇಡೀ ಮನೆಯವರು ಕೂತು ಕಣ್ಣೀರು ಹಾಕಿದ್ದು ಒಂದು ಟೋಪಿಗೆ! ಹೆಂಡತಿ ಸುಧಾ ನಕ್ಕು ನಕ್ಕು ಸುಸ್ತಾದಳು. ನಾನೂ ನಕ್ಕೆ. ಆದರೆ ಎರಡನೆಯ ಸಲ, ಮೂರನೆಯ ಸಲ ಕೇಳುವಾಗ, ಅವಳು ಬಿಕ್ಕಬೇಕಾದಲ್ಲಿ ಬಿಕ್ಕದೆ ಮುಂದೆ ಹೋದಾಗಲೆಲ್ಲ ಕತ್ತಲೆಯಲ್ಲಿ ಇಲ್ಲದ ಮೆಟ್ಟಿಲ ಮೇಲೆ ಕಾಲಿಟ್ಟ ಹಾಗಾಯಿತು. ಬಾಗಿಲ ಮರೆ, ಕಣ, ತಾತನ ಕೈಯ ಕೀಲಿ ಎಲ್ಲ ಇದ್ದದ್ದು ಆ ಬಿಕ್ಕಳಿಕೆಯೊಳಗೆ. ಅದು ಲೋಕದಲ್ಲಿ ಇದ್ದದ್ದು ಈ ಒಂದು ಪ್ಲೇಟಿನಲ್ಲಿ, ಅದನ್ನು ಹಾಡಿಸುವ ಪೆಟ್ಟಿಗೆ ಇದ್ದದ್ದು ಲೋಕಣ್ಣನ ಮನೆಯಲ್ಲಿ. ಅಷ್ಟರಲ್ಲಿ ಅಂಗಡಿಗೆ ಬಂದ ಹಾನುಬಾಳಿನವರೊಬ್ಬರು, ಲೋಕಣ್ಣ ಪೆಟ್ಟಿಗೆಯನ್ನು ಯಾವುದೋ ರೆಸಾರ್ಟಿನವರಿಗೆ ಕೊಡುತ್ತಿದ್ದಾನೆ, ಸೋಮವಾರ ಬಂದು ಒಯ್ಯುತ್ತಾರೆ ಎಂದರು. “ಹೋಗಿ ಕೇಳ್ಕಂಡ್ ಬನ್ರಿ ಒಂದ್ಸಲ, ಇಲ್ದಿದ್ರೆ ಸಾಯೋತಂಕ ನನ್ ಪ್ರಾಣ ತಿಂತೀರ” ಎಂದಳು ಸುಧಾ.

ಫೋನು ಮಾಡಿದೆ. “ಲೋಕಣ್ಣ, ನಾನು ಪ್ರಕಾಶ, ಆಲೂರಿಂದ.”

“ಔಷಧಿ ಅಂಗ್ಡಿಯೋರಾ? ಏನ್ ಬೇಕಿತ್ತು ಸಾರ್?”

ಚಿಕ್ಕಂದಿನಲ್ಲಿ “ಬಾರ್ಲಾ ಪಕ್ಕಿ” ಎಂದು ಕರೆಯುತ್ತಿದ್ದವನು ಸಾರ್ ಎಂದಾಗ ಬೈದದ್ದಕ್ಕಿಂತ ಹೆಚ್ಚು ನಾಟುತ್ತದೆ. ವಿಷಯ ಹೇಳಿದೆ.

“ಒಂದೇ ಪ್ಲೇಟಾ?”

“ಒಂದೇ.”

“ಭಾನ್ವಾರ ಬನ್ನಿ. ಊಟದ್ ಹೊತ್ಗೆ ಮುಂಚೆನೇ ಬಂದ್ಬುಡಿ.”

ಊಟದ ಹೊತ್ತಿಗೆ ಮುಂಚೆ ಎಂದರೆ ಊಟ ಹಾಕುವುದಿಲ್ಲ ಎಂದು. ನಮ್ಮ ಸೀಮೆಯಲ್ಲಿ ಇದಕ್ಕಿಂತ ಸ್ಪಷ್ಟವಾಗಿ ಬೈಯಲು ಆಗುವುದಿಲ್ಲ.

ಹೋದೆ. ಪ್ಲೇಟು ಒಡೆಯಲಿಲ್ಲ, ಇಡೀ ದಾರಿ ಮಗುವಿನಂತೆ ಎದೆಗವಚಿ ಹಿಡಿದಿದ್ದೆ, ಪಕ್ಕದಲ್ಲಿ ಕೂತ ಹೆಂಗಸು “ದೇವ್ರ ಫೋಟೋನಾ ಅಣ್ಣ?” ಎಂದು ಕೇಳಿ ಕೈ ಮುಗಿದಳು. ಮನೆಗೆ ಈಗ ಹೋಮ್‌ಸ್ಟೇ ಬೋರ್ಡು ಬಂದಿತ್ತು. ಕಣಕ್ಕೆ ಬಣ್ಣದ ಇಟ್ಟಿಗೆ ಹಾಕಿ ಕಾರು ನಿಲ್ಲಿಸುವ ಜಾಗ ಮಾಡಿದ್ದರು. ಪಡಸಾಲೆಯಲ್ಲಿ ಗ್ರಾಮಫೋನು, ಅದರ ಕಹಳೆಯ ತುಂಬ ಪ್ಲಾಸ್ಟಿಕ್ ಹೂವು. ಪಕ್ಕದ ಕುರ್ಚಿಯಲ್ಲಿ ದೊಡ್ಡಮ್ಮ, ಹತ್ತಿಯ ಹಾಗೆ ಹಗುರಾಗಿ, ಕಣ್ಣು ಮಂಜಾಗಿ, ಕಿವಿ ಮಾತ್ರ ಚುರುಕಾಗಿ.

“ಯಾರ್ಲಾ ಅದು?”

“ನಿನ್ ಮೈದುನನ್ ಮಗ ಕಣಮ್ಮ, ಪ್ರಕಾಶ” ಎಂದ ಲೋಕಣ್ಣ.

“ನಂಗ್ಯಾವ್ ಮೈದುನನೂ ಇಲ್ಲ” ಎಂದರು ದೊಡ್ಡಮ್ಮ, ಮುಖ ತಿರುಗಿಸದೆ.

ಕಾಫಿ ತೋಟದ ನಡುವಿನ ಮನೆಯಲ್ಲಿ ಒಂದು ಲೋಟ ಕಾಫಿಗೂ ಯಾರೂ ಏಳಲಿಲ್ಲ. ಲೋಕಣ್ಣ ಹೂವು ಕಿತ್ತಿಟ್ಟು, ಸಣ್ಣ ಡಬ್ಬಿಯಿಂದ ಹೊಸ ಮುಳ್ಳು ತೆಗೆದು ಸಿಕ್ಕಿಸಿ, ಕೀ ಕೊಟ್ಟ. ಕೀ ಕೊಡುವಾಗ ತಾತನ ಹಾಗೆಯೇ ನಾಲಿಗೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡ. ಪ್ಲೇಟು ತಿರುಗಿತು. ಕರಕರ ಸದ್ದು. ಪಿಟೀಲು. ಆಮೇಲೆ ಅವಳು.

ನಾನು ಮೊದಲ ಬಿಕ್ಕಿಗೆ ಕಾದೆ. ದನಿ ಮೇಲೆ ಹೋಯಿತು, ಜಾರಬೇಕಾದ ಜಾಗಕ್ಕೆ ಬಂದಿತು, ಜಾರದೆ ದಾಟಿತು. ಎರಡನೆಯ ಸಾಲು. ಮೂರನೆಯ ಸಾಲು. ಫೋನಿನಲ್ಲಿ ಕೇಳಿದ್ದಕ್ಕೂ ಇದಕ್ಕೂ ಕರಕರ ಒಂದು ಬಿಟ್ಟರೆ ವ್ಯತ್ಯಾಸವಿಲ್ಲ. ನನ್ನ ತಾತನ ಮನೆಯ ಪಡಸಾಲೆಯಲ್ಲಿ ಆ ಹೆಂಗಸು ಖುಷಿಯಾಗಿ ತನ್ನ ಟೋಪಿಯನ್ನು ಕೊಂಡು ಮುಗಿಸಿದಳು.

ಲೋಕಣ್ಣ ಮುಳ್ಳು ಎತ್ತಿದ. ಅವನಿಗೂ ನೆನಪಿಲ್ಲದೆ ಇಲ್ಲ. ಹಾಡಿನ ನಡುವೆ ಒಮ್ಮೆ ಅವನ ಹುಬ್ಬು ಮೇಲೆ ಹೋದದ್ದನ್ನು ಕಂಡಿದ್ದೆ. ಆದರೆ ಇಂಥ ಅವಕಾಶವನ್ನು ನಮ್ಮ ವಂಶದಲ್ಲಿ ಯಾರು ಬಿಟ್ಟಾರು?

“ಎಲ್ಲೈತೆ ಸೊಟ್ಟ?” ಎಂದ. “ಪ್ಲೇಟ್ ಸುಟ್ಟೋನು, ಪ್ಲೇಟ್ ಸುಟ್ಟೋನು ಅಂತ ನಮ್ಮಪ್ಪನ್ನ ಊರೆಲ್ಲ ಆಡ್ಕಂಡ್ ತಿರುಗಿದ್ರಲ್ಲ ನಿಮ್ಮಪ್ಪ. ತೋರ್ಸಿ ನೋಡಣ. ನೆಟ್ಗೆ ಐತಲ್ಲ ಮಾರಾಯ್ರೆ!”

“ಸೊಟ್ಟ ಇತ್ತು ಲೋಕಣ್ಣ. ನೀನೂ ಕೇಳಿದ್ದೀಯ.”

“ನಾನೇನೂ ಕೇಳಿಲ್ಲಪ್ಪ.”

ಆಗ ದೊಡ್ಡಮ್ಮ ನನ್ನ ಕಡೆ ತಿರುಗಿದರು. “ಅವ್ಳಲ್ಲ ಇವ್ಳು” ಎಂದರು. “ಬೇರೆ ಯಾವ್ದೋ ತಂದವ್ನೆ ಕಳ್ಳ. ಅಸ್ಲಿದು ಮನೇಲ್ ಮಡಿಕ್ಕಂಡು ಹಾಳುಮೂಳು ತಂದವ್ನೆ, ಅಪ್ಪನ್ ಬುದ್ಧಿ ಎಲ್ಲೋಗ್ತದೆ?” ಒಣಗಿದ ಕೈಯನ್ನು ಗಾಳಿಯಲ್ಲಿ ಎತ್ತಿ, ಇಳಿಸಿ, “ಹಿಂಗ್ ಬರ್ಬೇಕು” ಎಂದು ಗಂಟಲಲ್ಲಿ ಒಂದು ಸಾಲು ಎಳೆದರು. ಪದವಿಲ್ಲ, ಬರಿಯ ರಾಗ. ಸರಿಯಾಗಿ ಆ ಜಾಗದಲ್ಲಿ ದನಿ ಜಾರಿತು, ಬಿಕ್ಕಿತು, ಎದ್ದಿತು. ಲೋಕಣ್ಣ ಪೆಟ್ಟಿಗೆಯ ಕಡೆ ಬಗ್ಗಿ ಮುಳ್ಳು ಬಿಚ್ಚುವವನಂತೆ ನಟಿಸಿದ. “ಅಳೋಳ್ನ ಎಲ್ ಮಡಗಿದ್ದೀಯ? ನಾನ್ ಸಾಯೋದ್ರೊಳಗೆ ತಂದ್ಕೊಡು” ಎಂದರು ದೊಡ್ಡಮ್ಮ, ನನ್ನನ್ನಲ್ಲ, ನನ್ನೊಳಗೆ ಕೂತಿದ್ದ ಅಪ್ಪನನ್ನು ಕೇಳುವಂತೆ.

ಇದೇ ಆ ಪ್ಲೇಟು ಎಂದು ಹೇಳಿದರೆ ಅವರು ನಂಬುತ್ತಿರಲಿಲ್ಲ, ನಾನಾಗಿದ್ದರೂ ನಂಬುತ್ತಿರಲಿಲ್ಲ. ಪಂಚೆಯಲ್ಲಿ ಸುತ್ತುವ ಮುಂಚೆ ಅದನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದೆ. ಅಂಚು ಎಲ್ಲಿಯೂ ಅಲುಗದೆ ನಿಂತ ನೀರಿನ ಹಾಗೆ ಇತ್ತು. ಅಪ್ಪ ಅದನ್ನು ಎರಡು ಹಲಗೆಯ ನಡುವೆ ಇಟ್ಟು, ಇಲಿ ಎಳೆಯದಿರಲಿ ಎಂದು ಮೇಲೆ ರಾಗಿ ಮೂಟೆ ಹೇರಿದ್ದ. ಕೆಳಗೆ ಒಲೆಯ ಕಾವು, ಮೇಲೆ ಮೂಟೆಯ ಭಾರ, ಅಷ್ಟು ವರ್ಷ. ನಾನು ಹೆದರಿದ್ದ ಯಾವುದೂ ಆಗಿರಲಿಲ್ಲ. ಪ್ಲೇಟು ನೆಟ್ಟಗಾಗಿಬಿಟ್ಟಿತ್ತು, ಅಷ್ಟೇ.