ಎಡಗಾಲಿನ ಅಳತೆ

ಪರದೇಶದ ಫ್ಲೋರಲ್ ಪಾರ್ಕ್ ಎಂಬ ಊರಿನಲ್ಲಿ ರವಿಕೆ ಹೊಲಿಯುವ ರಾಜಿಗೆ ಒಂದೇ ಕನಸು: ಸಮುದ್ರದಲ್ಲಿ ತೇಲಬೇಕು. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಅವಳ ಎಡಗಾಲು ಸಣಕಲಾಗಿಯೇ ಉಳಿದಿತ್ತು. ಐವತ್ತು ದಾಟಿದ ಮೇಲೆ ಈಜುಕೊಳದಲ್ಲಿ ಈಜು ಕಲಿತಾಗಲೇ ಕುಂಟದ ಮೈ ಹೇಗಿರುತ್ತದೆಂದು ಗೊತ್ತಾದದ್ದು. ಅಂದಿನಿಂದ ಕೂತರೂ ನಿಂತರೂ ನೀರೇ. ಯಾರದೋ ತೋಳಿಗೆ ಅಂಚು ಕೂರಿಸುವಾಗಲೂ ಕಿವಿಯಲ್ಲಿ ಅಲೆಯ ಸದ್ದು.

ಹತ್ತಿರದ ರಾಕ್‌ಅವೇ ಕಡಲೇನು ಸಾಮಾನ್ಯವೇ? ಜೂನ್‌ನಲ್ಲೂ ಮೂಳೆ ಕೊರೆಯುವ ಚಳಿ. ಎಡಗಾಲಂತೂ ಬೇಗ ಸೆಟೆದುಕೊಳ್ಳುತ್ತಿತ್ತು. ಮೈ ಬೆಚ್ಚಗಿಡಲೆಂದು ಅಂಗಡಿಯಿಂದ ತಂದ ಬಿಗಿ ಈಜುಡುಗೆ, ವೆಟ್‌ಸೂಟ್, ಆ ಕಾಲಿನ ಮೇಲೆ ಜೋತುಬಿದ್ದು ನೀರನ್ನು ಒಳಗೆ ಬಿಟ್ಟುಕೊಂಡಿತು.

"ಲೀವ್ ಇಟ್, ಅಮ್ಮಾ," ಎಂದಳು ಮಗಳು ದಿಯಾ.

"ಊರವರಿಗೆಲ್ಲ ಹೊಲಿದಿದ್ದೀನಿ, ನನಗೊಂದು ಹೊಲ್ಕೊಳ್ಳಕ್ಕಾಗಲ್ವಾ?"

ರಬ್ಬರಿನಂಥ ದಪ್ಪ ಬಟ್ಟೆ ತರಿಸಿದಳು. ಅಂಚಿಗೆ ಅಂಚು ಅಂಟಿಸಿ, ಸೂಜಿ ಆಚೆಗೆ ತೂರದಂತೆ ಅರ್ಧ ದಪ್ಪದಲ್ಲೇ ಹೊಲಿದಳು. ಸೀರೆಗೆ ಫಾಲ್ ಹಚ್ಚಿ ಪಳಗಿದ ಕೈಗೆ ಅದೇನು ಮಹಾ!

ಟಬ್ಬಿಗೆ ತಣ್ಣೀರು ತುಂಬಿ ಇಳಿದಳು. ಮೈಯೆಲ್ಲ ಬೆಚ್ಚಗಿತ್ತು, ಎಡಗಾಲೊಂದು ನೀರು ತುಂಬಿ ಭಾರ. ದಿಯಾ ಸೂಟಿನ ಎರಡೂ ಕಾಲುಗಳಿಗೆ ಟೇಪು ಹಿಡಿದು ನೋಡಿದಳು. "ಅಮ್ಮಾ, ಬೋತ್ ಲೆಗ್ಸ್ ಆರ್ ದ ಸೇಮ್!"

ರಾಜಿ ಬೆಪ್ಪಾದಳು. ಹುಡುಗಿಯಾಗಿದ್ದಾಗಿನಿಂದ ಅವಳು ತನ್ನ ಬಟ್ಟೆ ತಾನೇ ಹೊಲಿದುಕೊಂಡದ್ದು ಆ ಕಾಲನ್ನು ಮುಚ್ಚಲೆಂದೇ. ಬಲಗಾಲಿನ ಅಳತೆಗೇ ಎಡದ್ದನ್ನೂ ಕತ್ತರಿಸುವುದು ಕೈಗೆ ರೂಢಿಯಾಗಿಬಿಟ್ಟಿತ್ತು. ಸಡಿಲ ಪೈಜಾಮದಲ್ಲಿ ಲೋಕಕ್ಕೆ ಮಂಕುಬೂದಿ ಎರಚಬಹುದು, ಕಡಲಿಗೆ ಎರಚಲಾದೀತೆ? ಬಿಗಿಯಾಗಿ ಹೊಲಿದರೆ ದಡದಲ್ಲಿದ್ದವರಿಗೆಲ್ಲ ಕಾಲು ಕಾಣುತ್ತದೆ. ನಾಚಿಕೆಯಾಯಿತು, ಅಳುವೂ ಬಂತು. ಆ ಕಾಲಿನ ನಿಜವಾದ ಅಳತೆ ಅವಳಿಗೇ ಗೊತ್ತಿರಲಿಲ್ಲ.

ಒದ್ದೆ ಸೂಟು ಕಳಚಿ, ಮಗಳ ಮುಂದೆ ಕಾಲು ಚಾಚಿ ಕೂತಳು. "ಹಿಡಿ ಟೇಪು. ಸರಿಯಾಗಿ ಅಳೆ."

ಆ ಭಾನುವಾರ ರಾಕ್‌ಅವೇಯಲ್ಲಿ ಮಂಜು ಕವಿದು, ನೀರೆಲ್ಲಿ, ಆಕಾಶವೆಲ್ಲಿ ತಿಳಿಯುತ್ತಿರಲಿಲ್ಲ. ಹೊಸ ಅಳತೆಗೆ ಬಿಗಿಯಾಗಿ ಹೊಲಿದ ಸೂಟಿನಲ್ಲಿ ಎದ್ದು ಕಾಣುವ ಕಾಲನ್ನು ಸರ್ಫಿಂಗ್‌ಗೆ ಬಂದವರು ತಿರುಗಿ ನೋಡಿದರು. ನೋಡಲಿ ಬಿಡಿ. ರಾಜಿ ಕುಂಟುತ್ತಲೇ ಮರಳು ದಾಟಿದಳು. ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಅವಳು ಅಂಗಾತ ಮಲಗಿ ಕಣ್ಣು ಮುಚ್ಚಿದಳು. ಅಲೆ ಅವಳನ್ನು ಮೆಲ್ಲಗೆ ಎತ್ತಿತು, ಮೆಲ್ಲಗೆ ಇಳಿಸಿತು, ಮತ್ತೆ ಎತ್ತಿತು. ಎಷ್ಟು ಹೊತ್ತು ಹಾಗಿದ್ದಳೋ.

ಆಮೇಲೆ ಇಡೀ ದಡಕ್ಕೆ ಕೇಳಿಸುವಂತೆ ಕೂಗಿದಳು: "ದಿಯಾ, ಎಡಗಾಲು ಬೆಚ್ಚಗಿದೆ ಕಣೇ!"