ಕಂಬಳಿಯೊಳಗಿನ ಕೈಗಳು

ಚೈತ್ರಾ, ಮನೋಜ... ಮೊನ್ನೆ ನನ್ನ ಮೊಣಕಾಲಿಗೆ ಹಚ್ಚಲು ನೀವಿಬ್ಬರೂ ಹರಳೆಣ್ಣೆ ಬಿಸಿ ಮಾಡಿ ತಂದಿರಲ್ಲ, ಆ ವಾಸನೆಗೆ ನನ್ನ ಕಣ್ಣು ತುಂಬಿತು. ಕಣ್ಣಿಗೆ ಹೊಗೆ ಹೋಯಿತು ಅಂದುಬಿಟ್ಟೆ. ಗ್ಯಾಸ್ ಒಲೆಯಲ್ಲಿ ಎಲ್ಲಿಯ ಹೊಗೆ? ಬಾಯಿಬಿಟ್ಟು ಹೇಳಲು ನನಗೆ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹರಿಯಬ್ಬೆಗೆ ಸೊಸೆಯಾಗಿ ಬಂದ ಹೊಸತು. ನೀರಿನ ಕೊಡ ಹೊತ್ತು ಬಾವಿಯ ಮೆಟ್ಟಿಲ ಮೇಲೆ ಜಾರಿ ಬಿದ್ದೆ. ಮೂಳೆಯೇನೂ ಮುರಿಯಲಿಲ್ಲ, ಆದರೆ ಸೊಂಟದ ನೋವು ಅಲ್ಲೇ ಮನೆ ಮಾಡಿಕೊಂಡಿತು. ನಿಮ್ಮ ಅಪ್ಪನನ್ನು ಹೆತ್ತ ಮೇಲೆ ಕೂಸನ್ನು ಎತ್ತಿಕೊಳ್ಳಲೂ ಆಗದೆ ಅಳುತ್ತಿದ್ದೆ. ಆ ಅಳು ಕೇಳಿ ಪಕ್ಕದ ಕುರಿಯವರ ಮನೆಯಿಂದ ಅವಳು ಬಂದಳು. ಊರಲ್ಲಿ ಯಾರ ಮೈ ನೊಂದರೂ ಎಣ್ಣೆ ಹಚ್ಚಿ ನೀವುತ್ತಿದ್ದವಳು ಅವಳೇ. ಊರೆಲ್ಲ ಅವಳನ್ನು ದೊಡ್ಡವ್ವ ಅನ್ನುತ್ತಿತ್ತು; ನಾನೂ ಹಾಗೇ ಕರೆದೆ.

ಸೀರೆ ಸರಿಸಲು ನಾಚಿ ನಾನು ಗೋಡೆ ಕಡೆ ಮುಖ ಮಾಡಿ ಮುದುಡಿಕೊಂಡಿದ್ದೆ.

“ನಾಚ್ಕಳಾಕೆ ನಾನೇನು ನಿನ್ ಗಂಡನೇನೇ? ಮಲಿಕ್ಕ ಸುಮ್ನೆ,” ಅಂದಳು.

ಕುರಿ ಉಣ್ಣೆಯ ಜಿಡ್ಡಿಗೋ ಏನೋ, ಅಷ್ಟು ದುಡಿದ ಕೈ ಮೆತ್ತಗಿತ್ತು. ಬೆಚ್ಚಗಿನ ಹರಳೆಣ್ಣೆ ಸವರಿ, ಎರಡೂ ಅಂಗೈಗಳನ್ನು ಸೊಂಟದ ಮೇಲಿಟ್ಟು ಕಾಯುತ್ತಿದ್ದಳು. ಒತ್ತುತ್ತಿರಲಿಲ್ಲ. “ಹಿಸುಕಿದ್ರೆ ಮೈ ಹೆದರ್ಕಂತೈತೆ ಕಣವ್ವ, ಮರಿ ಈಯಾಕೆ ಬಂದ ಕುರಿ ಹಂಗೆ,” ಅನ್ನುತ್ತಿದ್ದಳು. ಮೈ ಸಡಿಲವಾದ ಮೇಲಷ್ಟೇ ನಿಧಾನವಾಗಿ ಕೈಯಾಡಿಸುವಳು. ನೋವು ಪೂರ್ತಿ ಹೋಗಲಿಲ್ಲ. ಆದರೆ ಅವಳು ಬಂದುಹೋದ ದಿನ ನಾನು ಕೂಸನ್ನು ಎತ್ತಿಕೊಳ್ಳುತ್ತಿದ್ದೆ.

ಏಳುವ ಮುಂಚೆ ಎರಡೂ ಕೈಗಳನ್ನು ನೆಲಕ್ಕೆ ಊರುವಳು. ನೋವು ಮುಟ್ಟಿದವರ ಕೈಗೆ ಹತ್ತುತ್ತದೆ, ಅದನ್ನು ಮಣ್ಣಿಗೆ ಬಿಡಬೇಕು ಎಂಬುದು ಅವಳ ನಂಬಿಕೆ. ಊರಿನದೂ ಅದೇ.

ವರ್ಷಗಳು ಕಳೆದವು... ಅವಳ ಬೆರಳಿನ ಗೆಣ್ಣುಗಳು ಊದಿಕೊಂಡು ಸೊಟ್ಟಗಾದವು. ತುತ್ತು ಎತ್ತಲೂ ಆಗದು. ಮಣ್ಣಿಗೆ ಬಿಟ್ಟದ್ದು ಸಾಲಲಿಲ್ಲ, ಊರ ನೋವೆಲ್ಲ ಅವಳ ಕೈಯಲ್ಲಿ ಕೂತಿದೆ ಎಂದರು ಜನ. ಅವಳ ಕೈಯಿಂದ ನೀವಿಸಿಕೊಂಡವರೇ ಬಾಗಿಲಾಚೆ ನಿಂತು ಮಾತಾಡಿಸಿ ಹೋಗುತ್ತಿದ್ದರು. ಸೊಸೆ ಚಮಚದಲ್ಲಿ ಉಣಿಸುತ್ತಿದ್ದಳು, ಕೈ ಮಾತ್ರ ಮುಟ್ಟುತ್ತಿರಲಿಲ್ಲ. ಮಗ ಹಿರಿಯೂರಿಗೆ ಕರೆದೊಯ್ದಾಗ ನಾನೂ ಜೊತೆಗೆ ಹೋಗಿದ್ದೆ. “ಇದು ಕೀಲಿನ ಕಾಯಿಲೆ ಅಜ್ಜಿ. ಯಾರಿಂದಲೂ ಬಂದಿದ್ದಲ್ಲ, ಯಾರಿಗೂ ಹತ್ತಲ್ಲ,” ಅಂದರು ಡಾಕ್ಟರು. ತಲೆಯಾಡಿಸಿದಳು. ನಂಬಲಿಲ್ಲ.

ಒಂದು ದಿನ ಎಣ್ಣೆ ಬಟ್ಟಲು ಹಿಡಿದು ಹೋದೆ. ಕೈಗಳನ್ನು ಕಂಬಳಿಯೊಳಗೆ ಎಳೆದುಕೊಂಡಳು.

“ಬ್ಯಾಡ, ಮುಟ್ಬ್ಯಾಡ. ಇದ್ರಾಗೆ ಎಷ್ಟು ಜನರದ್ದು ಐತೋ. ನಿಂದೂ ಐತೆ. ವಾಪಸ್ ತಗಂತೀಯೇನು?”

“ನಂದು ನಂಗೆ ಕೊಡು ದೊಡ್ಡವ್ವ.”

“ಕೊಡಾಕೆ ಬರಂಗಿದ್ರೆ ಮೊದ್ಲು ನಿಮ್ಮತ್ತೆಗೆ ಕೊಡ್ತಿದ್ದೆ,” ಎಂದು ನಕ್ಕಳು. ನಗು ಮುಗಿಯುವ ಮೊದಲೇ ಹಲ್ಲು ಕಚ್ಚಿದಳು.

ಆಮೇಲೂ ಹೋಗುತ್ತಿದ್ದೆ. ಕೈ ಕೊಡಲೇ ಇಲ್ಲ. ಅಷ್ಟು ಹತ್ತಿರ ಕೂತು, ಬರೀ ನೋಡುವುದು... ಅದನ್ನು ಬರೆಯಲು ನನ್ನಿಂದ ಆಗದು.

ಅವಳು ಸತ್ತ ದಿನ, ಮೈ ತೊಳೆಯುವಾಗ, ಆ ಕೈಯೊಂದನ್ನು ನನ್ನ ಅಂಗೈಗಳ ನಡುವೆ ಇಟ್ಟುಕೊಂಡೆ. ಒತ್ತದೆ ಕಾದೆ. ಬೆರಳು ಬಿಚ್ಚಲಿಲ್ಲ. ನನ್ನನ್ನೇ ನೋಡುತ್ತಿದ್ದ ಅವಳ ಸೊಸೆ ಇನ್ನೊಂದು ಕೈ ಹಿಡಿದುಕೊಂಡು ಗೋಳೋ ಎಂದು ಅತ್ತಳು.

ನನಗಾಗಲಿ, ಆ ಸೊಸೆಗಾಗಲಿ ಏನೂ ಹತ್ತಲಿಲ್ಲ.

ನಿಮ್ಮ ತಾತನೂ ಹೋದರು. ಸೊಂಟದ ನೋವು ಹಾಗೇ ಇದೆ. ಅದರ ಮೇಲೆ ಅಂಗೈ ಇಟ್ಟು ಕಾಯುವವಳು ಇಲ್ಲ. ವಯಸ್ಸಾಯಿತು, ಬೆಳಿಗ್ಗೆ ಎದ್ದರೆ ನನ್ನ ಬೆರಳುಗಳೂ ಮಡಚಲು ಬರುವುದಿಲ್ಲ. ನಿಮಗೆ ಕಷ್ಟ ಕೊಡಬಾರದೆಂದು ನಾಳೆ ನಾನೂ ಬೇಡ ಅಂದೇನು. ನನ್ನ ಮಾತು ಕೇಳಬೇಡಿ, ಹಿಡಿದುಕೊಳ್ಳಿ.

ಈ ಹಾಳೆಗಳನ್ನು ಜೋಪಾನವಾಗಿ ಇಡಿ ಮಕ್ಕಳೇ. ಅವಳದೊಂದು ಫೋಟೋ ಯಾರ ಮನೆಯಲ್ಲೂ ಇಲ್ಲ.